ಪ್ರೋಟೀನ್-ಎಂಜೈಮ್ ಪೇಪರ್: ಥಿಯರಿ ಬರುತ್ತದೆ, ಲೆಕ್ಕ ಬಂದರೆ ಪೆನ್ನು ನಿಲ್ಲುತ್ತದೆ. ನೀವು ಹೇಗೆ ಓದಿದಿರಿ?

ಕಾಗಿಣಾ ತೀರ:
ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಎಂಎಸ್ಸಿ ಬಯೋಕೆಮಿಸ್ಟ್ರಿ ಮೊದಲ ಸೆಮಿಸ್ಟರ್ ಓದುತ್ತಿದ್ದೇನೆ. ಊರು ಚಿತ್ತಾಪುರದ ಹತ್ತಿರ. ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ.

ಪ್ರೋಟೀನ್ ಮತ್ತು ಎಂಜೈಮ್ ಪೇಪರ್ ನನಗೆ ತುಂಬಾ ಇಷ್ಟ. ಇಪ್ಪತ್ತು ಅಮೈನೋ ಆಸಿಡ್‌ಗಳ ರಚನೆ ನೋಡದೆ ಬರೆಯುತ್ತೇನೆ. ಆಲ್ಫಾ ಹೆಲಿಕ್ಸ್‌ನ ಒಂದು ಸುತ್ತಿಗೆ 3.6 ಅಮೈನೋ ಆಸಿಡ್, ಸುತ್ತಿನ ಎತ್ತರ 5.4 ಆಂಗ್‌ಸ್ಟ್ರಾಂ, ಇದೆಲ್ಲ ಬಾಯಿಗೆ ಬಂದಿದೆ. ಆದರೆ ಇಂಟರ್ನಲ್‌ನಲ್ಲಿ ಲೆಕ್ಕ ಕೊಟ್ಟರೆ ಪೆನ್ನು ಮುಂದೆ ಹೋಗುವುದಿಲ್ಲ. ಲೈಸಿನ್‌ನ ಐಸೋಎಲೆಕ್ಟ್ರಿಕ್ ಪಾಯಿಂಟ್ (ಒಟ್ಟು ಚಾರ್ಜ್ ಸೊನ್ನೆ ಆಗುವ ಪಿಎಚ್) ಕಂಡುಹಿಡಿ ಅಂತ ಒಂದು. ಕೆಎಂ ಇಷ್ಟು, ವಿಮ್ಯಾಕ್ಸ್ ಇಷ್ಟು, ವೇಗ ಎಷ್ಟು ಅಂತ ಇನ್ನೊಂದು. ಸೂತ್ರ ಗೊತ್ತಿದೆ. ಯಾವಾಗ ಯಾವುದನ್ನು ಹಾಕಬೇಕು ಅನ್ನೋದು ಗೊತ್ತಾಗುತ್ತಿಲ್ಲ.

ಕ್ಲಾಸಿನಲ್ಲಿ ನೋಟ್ಸ್ ಬರೆಸುತ್ತಾರೆ. ಬೋರ್ಡಿನ ಮೇಲೆ ಗ್ರಾಫ್ ಎಳೆದು ಮುಂದಿನ ಟಾಪಿಕ್‌ಗೆ ಹೋಗುತ್ತಾರೆ. ಎಲ್ಲರ ಮುಂದೆ ಎದ್ದು ಇಂಗ್ಲಿಷ್‌ನಲ್ಲಿ ಕೇಳಲು ನನಗೆ ಧೈರ್ಯ ಬರುವುದಿಲ್ಲ. ರೂಮ್‌ಮೇಟ್ ಹೈದರಾಬಾದ್‌ಗೆ ಕೋಚಿಂಗ್ ಹೋಗೋಣ ಅನ್ನುತ್ತಾಳೆ. ಮನೆಯಲ್ಲಿ ಅಷ್ಟು ಅನುಕೂಲ ಇಲ್ಲ. ಈ ಪೇಪರ್ ಮುಗಿಸಿದವರು ಹೇಗೆ ಓದಿದಿರಿ ಹೇಳಿ.

ಸೇಡಂ ಪ್ಯಾಸೆಂಜರ್:
ಹಿಂದಿನ ಐದು ವರ್ಷದ ಪ್ರಶ್ನೆ ಪತ್ರಿಕೆ ತೆಗೆದುಕೊಂಡು ಬರೆದು ಅಭ್ಯಾಸ ಮಾಡಿ. ಪ್ರಶ್ನೆಗಳು ತಿರುಗಿ ತಿರುಗಿ ಅವೇ ಬರುತ್ತವೆ. ಲೆಕ್ಕ ಬಿಟ್ಟರೂ ಫಸ್ಟ್ ಕ್ಲಾಸ್ ಬರುತ್ತದೆ. ನಾವೆಲ್ಲ ಹಾಗೇ ಮಾಡಿದ್ದು.

ಲ್ಯಾಬ್ ಅಕ್ಕ:
ಸೇಡಂ ತಮ್ಮ, ಹಾಗೆ ಹೇಳಬೇಡಪ್ಪ. ಲೆಕ್ಕ ಬಿಟ್ಟವರು ಮುಂದೆ ನೆಟ್ (ಉಪನ್ಯಾಸಕರ ಅರ್ಹತೆ) ಪರೀಕ್ಷೆಗೆ ಕೂತಾಗ ಏನಾಗುತ್ತದೆ ಅಂತ ನಾನು ಎಷ್ಟೋ ಜನರಲ್ಲಿ ನೋಡಿದ್ದೇನೆ. ಈ ಪೇಪರ್‌ನ ಜೀವವೇ ಲೆಕ್ಕದಲ್ಲಿದೆ.

ತಂಗಿ, ಲೈಸಿನ್ ಈಗಲೇ ಮಾಡೋಣ. ಹಾಳೆ ತೆಗೆದುಕೊ. ಲೈಸಿನ್‌ಗೆ ಮೂರು ಪಿಕೆಎ (ಒಂದು ಗುಂಪು ಅರ್ಧದಷ್ಟು ಪ್ರೋಟಾನ್ ಬಿಟ್ಟಿರುವ ಪಿಎಚ್): ಕಾರ್ಬಾಕ್ಸಿಲ್ 2.2, ಆಲ್ಫಾ ಅಮೈನೋ 9.0, ಪಕ್ಕದ ಸರಪಳಿ 10.5. ಸೂತ್ರ ಮರೆತುಬಿಡು, ಚಾರ್ಜ್ ಬರೆಯುತ್ತಾ ಹೋಗು. ಪಿಎಚ್ 1ರಲ್ಲಿ ಒಟ್ಟು ಚಾರ್ಜ್ ಪ್ಲಸ್ 2. 2.2 ದಾಟಿದರೆ ಪ್ಲಸ್ 1. 9.0 ದಾಟಿದರೆ ಸೊನ್ನೆ. 10.5 ದಾಟಿದರೆ ಮೈನಸ್ 1. ಸೊನ್ನೆ ಯಾವ ಎರಡು ಪಿಕೆಎಗಳ ನಡುವೆ ಇದೆ? 9.0 ಮತ್ತು 10.5. ಅವೆರಡರ ಸರಾಸರಿ 9.75. ಮುಗಿಯಿತು.

ಇದೇ ರೀತಿ ಆಸ್ಪಾರ್ಟಿಕ್ ಆಸಿಡ್ ಮಾಡು. 1.9, 3.7, 9.6. ಸೊನ್ನೆ ಎಲ್ಲಿ ಬರುತ್ತದೆ ನೋಡು. ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸುವವರು ಬಹಳ ಜನ. ಚಾರ್ಜ್ ಬರೆದರೆ ಆ ದಾರಿಗೆ ಹೋಗುವುದೇ ಇಲ್ಲ.

ಕಾಗಿಣಾ ತೀರ:
ಅಕ್ಕಾ, 2.8 ಬಂತು. 1.9 ಮತ್ತು 3.7ರ ನಡುವೆ ಸೊನ್ನೆ. ಸರಿನಾ?

ಲ್ಯಾಬ್ ಅಕ್ಕ:
ಸರಿ. ಈಗ ಹಿಸ್ಟಿಡಿನ್ ಮಾಡು. ಅದರ ಪಕ್ಕದ ಸರಪಳಿಯ ಪಿಕೆಎ 6.0. ಮಾಡಿದ ಮೇಲೆ, ಎಂಜೈಮ್‌ಗಳ ಆಕ್ಟಿವ್ ಸೈಟ್‌ನಲ್ಲಿ (ಕೆಲಸ ನಡೆಯುವ ಜಾಗ) ಹಿಸ್ಟಿಡಿನ್ ಯಾಕೆ ಇಷ್ಟು ಜಾಸ್ತಿ ಕಾಣುತ್ತದೆ ಅಂತ ಯೋಚಿಸು. ನಮ್ಮ ದೇಹದ ಪಿಎಚ್‌ಗೆ ಅಷ್ಟು ಹತ್ತಿರ ಇರುವ ಗುಂಪು ಪ್ರೋಟಾನ್ ಕೊಡಲೂ ಬಲ್ಲದು, ತೆಗೆದುಕೊಳ್ಳಲೂ ಬಲ್ಲದು. ಪ್ರೋಟೀನ್ ಕತ್ತರಿಸುವ ಎಂಜೈಮ್ ಕೈಮೋಟ್ರಿಪ್ಸಿನ್‌ನ ಹಿಸ್ಟಿಡಿನ್ 57 (ಸರಪಳಿಯಲ್ಲಿ 57ನೇದು) ಮಾಡುವ ಕೆಲಸ ಅದೇ. ಸೆರಿನ್ 195ರಿಂದ ಪ್ರೋಟಾನ್ ತೆಗೆದುಕೊಂಡು ಮತ್ತೆ ಮುಂದಕ್ಕೆ ಕೊಡುತ್ತದೆ. ಮೊದಲ ಯೂನಿಟ್‌ನ ಲೆಕ್ಕ ಕೊನೇ ಯೂನಿಟ್‌ನಲ್ಲಿ ಹೀಗೆ ಕೆಲಸಕ್ಕೆ ಬರುತ್ತದೆ.

ಬಿದ್ರಿ ಕುಸುರಿ:
ಬೀದರ್‌ನಿಂದ ನಮಸ್ಕಾರ. ಕೆಎಂ ಬಗ್ಗೆ ನಾನು ಹೇಳುತ್ತೇನೆ. ಸಾಯಂಕಾಲದ ಬಸ್ ನೆನಪಿಸಿಕೊಳ್ಳಿ. ಕಂಡಕ್ಟರ್ ಒಬ್ಬರೇ, ಅವರೇ ಎಂಜೈಮ್. ಹತ್ತುವ ಜನ ಸಬ್‌ಸ್ಟ್ರೇಟ್, ಅಂದರೆ ಎಂಜೈಮ್ ಯಾವುದರ ಮೇಲೆ ಕೆಲಸ ಮಾಡುತ್ತದೋ ಅದು. ಹತ್ತು ಜನ ಹತ್ತಿದರೆ ಹತ್ತೂ ಟಿಕೆಟ್ ಬೇಗ ಕೊಡುತ್ತಾರೆ. ಎಂಬತ್ತು ಜನ ಹತ್ತಿದರೂ ನಿಮಿಷಕ್ಕೆ ಇಷ್ಟೇ ಟಿಕೆಟ್ ಅಂತ ಅವರ ಕೈಗೆ ಒಂದು ಮಿತಿ ಇದೆ. ಆ ಮಿತಿ ವಿಮ್ಯಾಕ್ಸ್. ಮಿತಿಯ ಅರ್ಧ ವೇಗ ಬರಲು ಎಷ್ಟು ಜನ ಇರಬೇಕೋ ಅದು ಕೆಎಂ.

ಈಗ ಅಂಕಿ. ಕೆಎಂ 2 ಮಿಲಿಮೋಲಾರ್, ವಿಮ್ಯಾಕ್ಸ್ 100 ಅಂತ ಇಟ್ಟುಕೊಳ್ಳಿ. ಸಬ್‌ಸ್ಟ್ರೇಟ್ 2 ಇದ್ದಾಗ ವೇಗ 50. 18 ಇದ್ದಾಗ 90. 99 ಬರಬೇಕು ಅಂದರೆ 198 ಹಾಕಬೇಕು. ಕೊನೇ ಸ್ವಲ್ಪ ವೇಗಕ್ಕೆ ಎಷ್ಟು ಸಬ್‌ಸ್ಟ್ರೇಟ್ ಸುರಿಯಬೇಕು ನೋಡಿ. ಶೇಕಡಾ 10ರಿಂದ 90ಕ್ಕೆ ಹೋಗಲು 81 ಪಟ್ಟು ಬೇಕು. ಈ ಅಂಕಿಗಳನ್ನು ಕೈಯಿಂದ ಹಾಕಿ ನೋಡಿದವರಿಗೆ ಆ ಕರ್ವ್ ಯಾಕೆ ಬಾಗುತ್ತದೆ ಅಂತ ಯಾರೂ ಹೇಳಿಕೊಡಬೇಕಿಲ್ಲ.

ನೆಟ್ ತಯಾರಿ 2:
ಸರಳವಾಗಿ ಹೇಳಬೇಕೆಂದರೆ ಕೆಎಂ ಅಂದರೆ ಅಫಿನಿಟಿ, ಸಬ್‌ಸ್ಟ್ರೇಟ್ ಅನ್ನು ಎಂಜೈಮ್ ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಅನ್ನೋದು. ಕೆಎಂ ಕಡಿಮೆ ಇದ್ದರೆ ಅಫಿನಿಟಿ ಜಾಸ್ತಿ. ಗ್ಲುಕೋಸ್ ಮೇಲೆ ಕೆಲಸ ಮಾಡುವ ಹೆಕ್ಸೋಕೈನೇಸ್, ಗ್ಲುಕೋಕೈನೇಸ್ ಉದಾಹರಣೆ ಬರೆದರೆ ಪೂರ್ತಿ ಅಂಕ.

ಆಳಂದ ರಸ್ತೆ:
ಇದನ್ನು ಒಪ್ಪಲು ಆಗುವುದಿಲ್ಲ. ಕೆಎಂನಲ್ಲಿ ಮೂರು ರೇಟ್ ಕಾನ್‌ಸ್ಟಂಟ್ ಸೇರಿವೆ. ಸಬ್‌ಸ್ಟ್ರೇಟ್ ಬಿಟ್ಟು ಹೋಗುವ ವೇಗ, ಪ್ರಾಡಕ್ಟ್ ಆಗುವ ವೇಗ, ಎರಡನ್ನೂ ಕೂಡಿಸಿ, ಸಬ್‌ಸ್ಟ್ರೇಟ್ ಅಂಟುವ ವೇಗದಿಂದ ಭಾಗಿಸಬೇಕು. ಪ್ರಾಡಕ್ಟ್ ಆಗುವ ಹೆಜ್ಜೆ ಬಹಳ ನಿಧಾನ ಇದ್ದಾಗ ಮಾತ್ರ ಕೆಎಂ ಅನ್ನು ಅಫಿನಿಟಿಯ ಅಳತೆ ಅನ್ನಬಹುದು. ಎಲ್ಲ ಎಂಜೈಮ್‌ಗೂ ಹಾಗೆ ಹೇಳಿದರೆ ತಪ್ಪು.

ನೆಟ್ ತಯಾರಿ 2:
ಅಣ್ಣ, ಎಲ್ಲ ಗೈಡ್‌ನಲ್ಲೂ ಹಾಗೇ ಬರೆದಿದೆ. ಪರೀಕ್ಷೆಯಲ್ಲಿ ಇಷ್ಟು ಸೂಕ್ಷ್ಮ ಯಾರು ಕೇಳುತ್ತಾರೆ?

ಆಳಂದ ರಸ್ತೆ:
ನೆಟ್‌ನ ಪಾರ್ಟ್ ಸಿಯಲ್ಲಿ ಕೇಳುವುದೇ ಇಂಥದ್ದು. ಗೈಡ್‌ನಲ್ಲಿದೆ ಅಂತ ಬರೆದರೆ ನೆಗೆಟಿವ್ ಮಾರ್ಕ್ಸ್ ಬೀಳುತ್ತದೆ. ಇನ್ನೊಂದು ಮಾತು. ಗ್ಲುಕೋಕೈನೇಸ್ ಉದಾಹರಣೆ ಚೆನ್ನಾಗಿದೆ, ಆದರೆ ಅದರ ಕರ್ವ್ ಸಿಗ್ಮಾಯ್ಡ್, ಎಸ್ ಅಕ್ಷರದ ಆಕಾರ. ಕೆಎಂ, ವಿಮ್ಯಾಕ್ಸ್ ಇರುವ ಮೈಕೇಲಿಸ್-ಮೆಂಟೆನ್ ಸಮೀಕರಣಕ್ಕೆ ಅದು ಸರಿಯಾಗಿ ಕೂರುವುದಿಲ್ಲ. ಅದಕ್ಕೆ ಅರ್ಧ ವೇಗದ ಸಾಂದ್ರತೆಯನ್ನು ಎಸ್ 0.5 ಅಂತ ಕರೆಯುತ್ತಾರೆ, ಸುಮಾರು 8 ಮಿಲಿಮೋಲಾರ್. ಉಪವಾಸದಲ್ಲಿ ರಕ್ತದ ಗ್ಲುಕೋಸ್ 5ರ ಸುತ್ತ ಇರುತ್ತದೆ. ಊಟ ಆದ ಮೇಲೆ ಏರುತ್ತದೆ. ಲಿವರ್‌ನ ಈ ಗ್ಲುಕೋಕೈನೇಸ್ ಆ ಏರಿಕೆಗೆ ತಕ್ಕಂತೆ ಚುರುಕಾಗುತ್ತದೆ. ಹೆಕ್ಸೋಕೈನೇಸ್‌ನ ಕೆಎಂ 0.1ರ ಹತ್ತಿರ, ಅದು ಯಾವಾಗಲೂ ಪೂರ್ತಿ ವೇಗದಲ್ಲೇ ಇರುತ್ತದೆ. ಈ ವಿವರಣೆ ಬರೆದರೆ ಉತ್ತರಕ್ಕೆ ತೂಕ ಬರುತ್ತದೆ.

ನೆಟ್ ತಯಾರಿ 2:
ಸಿಗ್ಮಾಯ್ಡ್ ಅನ್ನೋದು ಒಪ್ಪಿದೆ. ಮೊದಲನೇ ಮಾತು ಇನ್ನೊಮ್ಮೆ ಓದಿ ನೋಡುತ್ತೇನೆ.

ಶಹಾಬಾದ್ ಕಲ್ಲು:
ಸೂತ್ರದ ಮಾತು ಸಾಕು, ಪ್ರಾಕ್ಟಿಕಲ್ ಬಗ್ಗೆ ಯಾರೂ ಹೇಳುತ್ತಿಲ್ಲ ಅಲ್ವಾ? ನನಗೆ ಎಂಜೈಮ್ ಅಂದರೆ ಏನು ಅಂತ ಅರ್ಥ ಆಗಿದ್ದು ಸಲೈವರಿ ಅಮೈಲೇಸ್ ಪ್ರಯೋಗದ ದಿನ. ಬಿಳಿ ಟೈಲ್ ಮೇಲೆ ಸಾಲಾಗಿ ಅಯೋಡಿನ್ ಹನಿ. ಪಿಷ್ಟದ ದ್ರಾವಣಕ್ಕೆ ಎಂಜಲು ಹಾಕಿ, ನಿಮಿಷಕ್ಕೊಮ್ಮೆ ಒಂದು ಹನಿ ತೆಗೆದು ಅಯೋಡಿನ್ ಮೇಲೆ ಬಿಡಬೇಕು. ಮೊದಲ ಹನಿ ಕಡು ನೀಲಿ. ಆಮೇಲೆ ನೇರಳೆ. ಆಮೇಲೆ ಕೆಂಪು ಮಿಶ್ರಿತ ಕಂದು. ಕೊನೆಗೆ ಅಯೋಡಿನ್‌ನ ಬಣ್ಣವೇ ಉಳಿಯುತ್ತದೆ. ಪಿಷ್ಟದ ಉದ್ದ ಸರಪಳಿ ತುಂಡಾಗುತ್ತಾ ಹೋಗುವುದು ಕಣ್ಣೆದುರೇ ಕಾಣುತ್ತದೆ.

ನಮ್ಮ ಬ್ಯಾಚ್‌ನಲ್ಲಿ ಒಂದು ಗುಂಪು ಉಪ್ಪಿನ ದ್ರಾವಣ ಹಾಕಲಿಲ್ಲ. ಅವರ ಟೈಲ್ ಬಹಳ ಹೊತ್ತು ನೀಲಿಯಾಗೇ ಇತ್ತು. ಆ ಎಂಜೈಮ್ ಪೂರ್ತಿ ಕೆಲಸ ಮಾಡಲು ಕ್ಲೋರೈಡ್ ಬೇಕು. ಪುಸ್ತಕದಲ್ಲಿ ಒಂದು ಸಾಲು ಇರುತ್ತದೆ, ಯಾರೂ ಓದುವುದಿಲ್ಲ. ಟೈಲ್ ನೋಡಿದ ಮೇಲೆ ಯಾರೂ ಮರೆಯಲಿಲ್ಲ.

ಹುಮನಾಬಾದ್ ಹುಡುಗಿ:
ನಮ್ಮಲ್ಲಿ ಆ ಪ್ರಯೋಗವನ್ನು ಬೋರ್ಡ್ ಮೇಲೆ ಬರೆಸಿದರು. ರೀಡಿಂಗ್ ಕೂಡ ಸೀನಿಯರ್ ರೆಕಾರ್ಡ್ ಬುಕ್‌ನಿಂದಲೇ ಬಂತು. ಇದನ್ನು ಹೇಳಲು ಬೇಜಾರು. ದುಡ್ಡು ಕಟ್ಟಿ ಓದಿಸಿದ ಮನೆಯವರಿಗೆ ಏನು ಹೇಳೋದು?

ಅತಿಥಿ ಉಪನ್ಯಾಸಕ:
ತಂಗಿ, ನಿಮ್ಮ ಬೇಜಾರು ನ್ಯಾಯವಾದದ್ದು. ಇನ್ನೊಂದು ಕಡೆಯ ಕಷ್ಟವನ್ನೂ ಹೇಳುತ್ತೇನೆ. ನಾನು ಈ ಭಾಗದ ಒಂದು ಕಾಲೇಜಿನಲ್ಲಿ ಈ ಪೇಪರ್ ಕಲಿಸುತ್ತೇನೆ. ಸೆಮಿಸ್ಟರ್ ಶುರುವಾಗಿ ಎಷ್ಟೋ ದಿನ ಆದ ಮೇಲೆ ನಮ್ಮ ನೇಮಕ ಆಗುತ್ತದೆ. ಅಷ್ಟರಲ್ಲಿ ಮೊದಲ ಇಂಟರ್ನಲ್ ಬಂದಿರುತ್ತದೆ. ಸಿಲಬಸ್ ಮುಗಿಸಬೇಕು ಅಂತ ಒತ್ತಡ. ಲೆಕ್ಕ ಮಾಡಿಸಲು ಕೂತರೆ ಒಂದು ಪಿರಿಯಡ್‌ನಲ್ಲಿ ಎರಡೇ ಲೆಕ್ಕ ಆಗುತ್ತದೆ. ಎಂಜೈಮ್ ಕೊಳ್ಳಲು ಬಜೆಟ್ ಕೇಳಿದರೆ ಫೈಲ್ ತಿರುಗುತ್ತಾ ಇರುತ್ತದೆ.

ಆದರೂ ಎಂಜಲಿಗೆ, ಪಿಷ್ಟಕ್ಕೆ, ಅಯೋಡಿನ್‌ಗೆ ಬಜೆಟ್ ಬೇಕಿಲ್ಲ. ರೆಕಾರ್ಡ್ ಬುಕ್‌ನ ಅಂಕಿ ನಕಲು ಮಾಡಿಸುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ನಮ್ಮ ಮಕ್ಕಳಿಗೆ ಅವರದೇ ಅಂಕಿ ಬರಬೇಕು. ಕೆಟ್ಟ ಅಂಕಿ ಬಂದರೂ ಸರಿ.

ತೊಗರಿ ಹೊಲ:
ಸರ್ ಹೇಳಿದ್ದು ನಿಜ. ಖರ್ಚಿಲ್ಲದ ಇನ್ನೊಂದು ಪ್ರಯೋಗ ನಮ್ಮ ಹೊಲದಲ್ಲೇ ಇದೆ. ತೊಗರಿ ಕಾಳಿನಲ್ಲಿ ಯೂರಿಯಾ ಒಡೆಯುವ ಯೂರಿಯೇಸ್ ಎಂಜೈಮ್ ಇದೆ. ಅಮೆರಿಕದ ವಿಜ್ಞಾನಿ ಸಮ್ನರ್ 1926ರಲ್ಲಿ ಜ್ಯಾಕ್ ಬೀನ್‌ನಿಂದ ಇದೇ ಎಂಜೈಮ್ ಅನ್ನು ಹರಳು ಮಾಡಿ ತೋರಿಸಿದರು. ಎಂಜೈಮ್ ಅಂದರೆ ಪ್ರೋಟೀನ್ ಅಂತ ಹೇಳಿದಾಗ ದೊಡ್ಡ ದೊಡ್ಡವರೇ ನಂಬಲಿಲ್ಲ. 1946ರಲ್ಲಿ ನೊಬೆಲ್ ಬಂತು.

ಇಡೀ ತೊಗರಿಯನ್ನು ರಾತ್ರಿ ನೆನೆಸಿ, ಅರೆದು, ಬಟ್ಟೆಯಲ್ಲಿ ಸೋಸಿ. ಎರಡು ಟ್ಯೂಬ್‌ನಲ್ಲಿ ಯೂರಿಯಾ ದ್ರಾವಣ, ಪಿಎಚ್‌ಗೆ ತಕ್ಕಂತೆ ಬಣ್ಣ ಬದಲಿಸುವ ಸ್ವಲ್ಪ ಫಿನಾಲ್ ರೆಡ್. ಒಂದಕ್ಕೆ ಹಸಿ ರಸ, ಇನ್ನೊಂದಕ್ಕೆ ಕುದಿಸಿ ಆರಿಸಿದ ರಸ. ಹಸಿ ರಸದ್ದು ಹಳದಿಯಿಂದ ಗುಲಾಬಿಗೆ ತಿರುಗುತ್ತದೆ, ಯಾಕೆಂದರೆ ಅಮೋನಿಯಾ ಹುಟ್ಟಿ ಪಿಎಚ್ ಏರುತ್ತದೆ. ಕುದಿಸಿದ್ದು ಹಳದಿಯಾಗೇ ಇರುತ್ತದೆ. ಡಿನೇಚುರೇಷನ್ (ಬಿಸಿಗೆ ಪ್ರೋಟೀನ್ ರಚನೆ ಕೆಡುವುದು) ಬಗ್ಗೆ ಹತ್ತು ಪುಟ ಬರೆಸುವ ಬದಲು ಆ ಎರಡು ಟ್ಯೂಬ್ ಪಕ್ಕಪಕ್ಕ ಇಟ್ಟರೆ ಸಾಕು.

ಮಾಂಜ್ರಾ ನೀರು:
ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ (ಊರಿನ ವಿಶೇಷ ಬೆಳೆ ಅನ್ನೋ ಗುರುತು) ಬಂದಿದ್ದು ಈ ಯೂರಿಯೇಸ್‌ಗಾ?

ತೊಗರಿ ಹೊಲ:
ಅಲ್ಲ ಅಣ್ಣ, ಅದು ರುಚಿಗೆ, ನಮ್ಮ ಮಣ್ಣಿಗೆ. ಆದರೆ ಪ್ರೋಟೀನ್ ವಿಷಯ ಬಂತು ಅಂತ ಹೇಳುತ್ತೇನೆ. ಜೋಳದಲ್ಲಿ ಲೈಸಿನ್ ಕಡಿಮೆ. ತೊಗರಿ ಬೇಳೆಯಲ್ಲಿ ಲೈಸಿನ್ ಚೆನ್ನಾಗಿದೆ, ಮೆಥಿಯೋನಿನ್ ಕಡಿಮೆ. ರೊಟ್ಟಿ, ಬ್ಯಾಳಿ ಎರಡೂ ತಟ್ಟೆಯಲ್ಲಿದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಲಿಮಿಟಿಂಗ್ (ಆಹಾರದಲ್ಲಿ ಅತಿ ಕೊರತೆ ಇರುವ) ಅಮೈನೋ ಆಸಿಡ್ ಪ್ರಶ್ನೆಗೆ ನಾನು ಈ ಉದಾಹರಣೆಯನ್ನೇ ಬರೆದೆ.

ಹುಮನಾಬಾದ್ ಹುಡುಗಿ:
ಜೋಳದ ಹಿಟ್ಟಿಗೆ ಎಸರು ಹಾಕಿ ನಾದುವುದಕ್ಕೂ ಪ್ರೋಟೀನೇ ಕಾರಣ ಅಲ್ವಾ? ಗೋಧಿಯಲ್ಲಿರುವ ಗ್ಲುಟೆನ್ ಜೋಳದಲ್ಲಿ ಇಲ್ಲ. ಅದಕ್ಕೇ ಕುದಿಯುವ ನೀರು ಹಾಕಿ ಪಿಷ್ಟವನ್ನು ಸ್ವಲ್ಪ ಬೇಯಿಸಿ ಅಂಟು ಬರಿಸುತ್ತಾರೆ. ನಮ್ಮ ಅಜ್ಜಿಗೆ ಹೇಳಿದೆ. ‘ನನಗೆ ಗೊತ್ತಿಲ್ಲೇನು, ತಣ್ಣೀರು ಹಾಕಿದರೆ ಹರಿಯುತ್ತದೆ’ ಅಂದರು.

ಸೇಡಂ ಪ್ಯಾಸೆಂಜರ್:
ಚರ್ಚೆ ಅಡುಗೆ ಮನೆಗೆ ಹೋಯಿತು. ಪ್ರಶ್ನೆ ಪರೀಕ್ಷೆಯದ್ದು.

ಭೀಮಾ ದಂಡೆ:
ನಾನು ಯಾದಗಿರಿ ಜಿಲ್ಲೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಬಿಎಸ್ಸಿಯಲ್ಲಿ ಬಯೋಕೆಮಿಸ್ಟ್ರಿ ಓದಿದ್ದೆ. ಪರೀಕ್ಷೆಯ ಮಾತು ಬಿಡಿ, ಎಂಜೈಮ್ ಇನ್‌ಹಿಬಿಷನ್ (ಎಂಜೈಮ್‌ನ ಕೆಲಸ ತಡೆಯುವುದು) ನಮ್ಮ ಕಡೆ ಪ್ರತಿ ಹಂಗಾಮಿನಲ್ಲೂ ಆಸ್ಪತ್ರೆಗೆ ಬರುತ್ತದೆ. ಹತ್ತಿಗೆ ಎಣ್ಣೆ ಹೊಡೆಯುವ ಕಾಲದಲ್ಲಿ ಮುಖಕ್ಕೆ ಬಟ್ಟೆ ಕಟ್ಟದೆ, ಗಾಳಿಗೆ ಎದುರಾಗಿ ಹೊಡೆದವರನ್ನು ಕರೆತರುತ್ತಾರೆ. ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು, ಕಣ್ಣಿನ ಪಾಪೆ ಗುಂಡುಸೂಜಿ ತಲೆಯಷ್ಟು ಸಣ್ಣ.

ಆ ಎಣ್ಣೆಯಲ್ಲಿರುವ ಕೀಟನಾಶಕ ವಿಷ ಆರ್ಗನೋಫಾಸ್ಫೇಟ್ ಹೋಗಿ ಅಸಿಟೈಲ್‌ಕೋಲಿನೆಸ್ಟರೇಸ್‌ನ ಸೆರಿನ್‌ಗೆ ಅಂಟಿಕೊಳ್ಳುತ್ತದೆ. ಆ ಎಂಜೈಮ್ ನಿಂತರೆ ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಕರಗದೆ ತುಂಬಿಕೊಳ್ಳುತ್ತದೆ. ಅಟ್ರೋಪಿನ್ ಕೊಟ್ಟರೆ ಆ ಅಸಿಟೈಲ್‌ಕೋಲಿನ್ ಮಾಡುವ ಹಾನಿಗೆ ತಡೆ ಬೀಳುತ್ತದೆ, ಎಂಜೈಮ್ ಮಾತ್ರ ವಾಪಸ್ ಬರುವುದಿಲ್ಲ. ಸೆರಿನ್‌ನಿಂದ ವಿಷವನ್ನು ಬಿಡಿಸಲು ಪ್ರಾಲಿಡಾಕ್ಸಿಮ್ ಬೇಕು. ಅದೂ ಬೇಗ ಕೊಡಬೇಕು. ತಡವಾದರೆ ಆ ಬಂಧ ಗಟ್ಟಿಯಾಗಿ ಮತ್ತೆ ಬಿಡುವುದಿಲ್ಲ, ಅದಕ್ಕೆ ಏಜಿಂಗ್ ಅನ್ನುತ್ತಾರೆ. ನಾವು ರಕ್ತದಲ್ಲಿ ಕೋಲಿನೆಸ್ಟರೇಸ್ ಮಟ್ಟ ನೋಡುತ್ತೇವೆ. ಆ ರಿಪೋರ್ಟ್ ಬರೆಯುವಾಗಲೆಲ್ಲ ನನಗೆ ಈ ಪೇಪರ್ ನೆನಪಾಗುತ್ತದೆ. ಇದನ್ನು ಸುಮ್ನೆ ಉರು ಹೊಡೆದು ಬಿಡುವ ವಿಷಯ ಅನ್ನಬೇಡಿ.

ಸೇಡಂ ಪ್ಯಾಸೆಂಜರ್:
ನಮ್ಮ ಕಾಕಾಗೂ ಒಮ್ಮೆ ಹೀಗೇ ಆಗಿತ್ತು. ಸಮಯಕ್ಕೆ ಸೇರಿಸಿದ್ದಕ್ಕೆ ಉಳಿದರು. ಅದರ ಹಿಂದೆ ಇಷ್ಟು ಇದೆ ಅಂತ ಯಾರೂ ಹೇಳಿರಲಿಲ್ಲ ಅಣ್ಣ. ಇದು ಯಾವ ಇನ್‌ಹಿಬಿಷನ್, ಕಾಂಪಿಟಿಟಿವ್ (ಜಾಗಕ್ಕಾಗಿ ಸಬ್‌ಸ್ಟ್ರೇಟ್ ಜೊತೆ ಪೈಪೋಟಿ) ಅಲ್ವಾ? ಆಕ್ಟಿವ್ ಸೈಟ್‌ಗೇ ಅಂಟುತ್ತದಲ್ಲ?

ಆಳಂದ ರಸ್ತೆ:
ಒಳ್ಳೆ ಪ್ರಶ್ನೆ. ಅಂಟುವುದು ಆಕ್ಟಿವ್ ಸೈಟ್‌ಗೇ, ಆದರೆ ಬಿಟ್ಟು ಬರುವುದಿಲ್ಲ. ಹಾಗಾಗಿ ಎಷ್ಟು ಸಬ್‌ಸ್ಟ್ರೇಟ್ ಹಾಕಿದರೂ ಆ ಎಂಜೈಮ್ ವಾಪಸ್ ಸಿಗುವುದಿಲ್ಲ. ಕೆಲಸ ಮಾಡುವ ಎಂಜೈಮ್‌ನ ಸಂಖ್ಯೆಯೇ ಕಡಿಮೆ ಆದಂತೆ. ವಿಮ್ಯಾಕ್ಸ್ ಇಳಿಯುತ್ತದೆ, ಉಳಿದ ಎಂಜೈಮ್‌ಗಳ ಕೆಎಂ ಹಾಗೇ ಇರುತ್ತದೆ. ಗ್ರಾಫ್ ಹಾಕಿದರೆ ನಾನ್‌ಕಾಂಪಿಟಿಟಿವ್ (ವಿಮ್ಯಾಕ್ಸ್ ಮಾತ್ರ ಇಳಿಸುವ ಬಗೆ) ಥರಾನೇ ಕಾಣುತ್ತದೆ. ಬೇರೆ ಮಾಡಿ ತಿಳಿಯಲು ಡಯಾಲಿಸಿಸ್ ಮಾಡಿ ನೋಡಬೇಕು. ಇನ್‌ಹಿಬಿಟರ್ ತೊಳೆದು ಹೋದ ಮೇಲೆ ಚಟುವಟಿಕೆ ಮರಳಿದರೆ ರಿವರ್ಸಿಬಲ್.

ನಿಜವಾದ ಕಾಂಪಿಟಿಟಿವ್ ಬೇಕೆಂದರೆ ಮೆಥನಾಲ್ ವಿಷ ನೋಡು. ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಮೆಥನಾಲ್ ಅನ್ನು ಫಾರ್ಮಾಲ್ಡಿಹೈಡ್ ಮಾಡುತ್ತದೆ. ಫೊಮೆಪಿಝೋಲ್ ಕೊಟ್ಟರೆ ಅದು ಆ ಜಾಗ ಹಿಡಿಯುತ್ತದೆ. ಅದು ಸಿಗದ ಕಡೆ ವೈದ್ಯರು ಎಥನಾಲ್ ಕೊಡುತ್ತಾರೆ. ಮೆಥನಾಲ್ ಬದಲಾಗದೆ ಹೊರಗೆ ಹೋಗಲು ಸಮಯ ಸಿಗುತ್ತದೆ.

ನಂದಿನಗರ ಕ್ಯಾಂಪಸ್:
ಎಂಜೈಮ್‌ಗಳಲ್ಲಿ ಆರು ವರ್ಗ ಅಂತ ನೋಟ್ಸ್‌ನಲ್ಲಿ ಇದ್ದರೆ ತಿದ್ದಿಕೊಳ್ಳಿ. 2018ರಿಂದ ಏಳು. ಏಳನೆಯದು ಟ್ರಾನ್ಸ್‌ಲೊಕೇಸ್. ಅಯಾನ್ ಅಥವಾ ಅಣುಗಳನ್ನು ಪೊರೆ ದಾಟಿಸುವ ಎಂಜೈಮ್‌ಗಳು ಅಲ್ಲಿಗೆ ಹೋದವು.

ಹುಮನಾಬಾದ್ ಹುಡುಗಿ:
ನಮ್ಮ ನೋಟ್ಸ್‌ನಲ್ಲಿ ಆರೇ ಇದೆ! ಪರೀಕ್ಷೆಯಲ್ಲಿ ಏಳು ಬರೆದರೆ ಅಂಕ ಕತ್ತರಿಸುತ್ತಾರಾ?

ಅತಿಥಿ ಉಪನ್ಯಾಸಕ:
ಏಳು ಬರೆಯಿರಿ. ಪಕ್ಕದಲ್ಲಿ 2018ರ ಬದಲಾವಣೆ ಅಂತ ಒಂದು ಸಾಲು ಹಾಕಿ. ತಿದ್ದುವವರಿಗೂ ಗೊತ್ತಾಗಲಿ.

ಲ್ಯಾಬ್ ಅಕ್ಕ:
ಪ್ರಾಕ್ಟಿಕಲ್ ಮಾತು ಬಂದಿದ್ದಕ್ಕೆ ನಮ್ಮ ಊರಿಗೇ ಸೇರಿದ ಒಂದು ವಿಷಯ ಹೇಳಲೇಬೇಕು. ಪುಸ್ತಕದಲ್ಲಿ ರೂಮ್ ಟೆಂಪರೇಚರ್ ಅಂದರೆ 25 ಡಿಗ್ರಿ. ಏಪ್ರಿಲ್‌ನಲ್ಲಿ ಕಲಬುರಗಿಯ ಲ್ಯಾಬ್‌ನೊಳಗೆ ಥರ್ಮಾಮೀಟರ್ ಇಟ್ಟು ನೋಡಿ, 38 ತೋರಿಸುತ್ತದೆ. ಎಂಜೈಮ್‌ನ ವೇಗ 10 ಡಿಗ್ರಿಗೆ ಹೆಚ್ಚುಕಡಿಮೆ ಎರಡು ಪಟ್ಟು ಆಗುತ್ತದೆ. ಜನವರಿಯಲ್ಲಿ ಮಾಡಿದ ಬ್ಯಾಚ್‌ನ ಅಂಕಿಗೂ ಏಪ್ರಿಲ್ ಬ್ಯಾಚ್‌ನ ಅಂಕಿಗೂ ತಾಳೆ ಆಗದಿದ್ದರೆ ಮಕ್ಕಳನ್ನು ಬೈಯುವ ಮೊದಲು ಇದನ್ನು ನೋಡಬೇಕು.

ಇನ್ನೂ ಮುಖ್ಯವಾದದ್ದು ಬಫರ್, ಪಿಎಚ್ ಹಿಡಿದಿಡುವ ದ್ರಾವಣ. ಟ್ರಿಸ್ ಬಫರ್‌ನ ಪಿಎಚ್ ಒಂದು ಡಿಗ್ರಿಗೆ ಸುಮಾರು 0.03ರಷ್ಟು ಇಳಿಯುತ್ತದೆ. ಎಸಿ ಇರುವ ಇನ್‌ಸ್ಟ್ರುಮೆಂಟ್ ರೂಮಿನಲ್ಲಿ 25 ಡಿಗ್ರಿಗೆ 8.0 ಹೊಂದಿಸಿ, ಹೊರಗಿನ 38 ಡಿಗ್ರಿ ಟೇಬಲ್ ಮೇಲೆ ಬಳಸಿದರೆ ಅದು 7.6ರ ಆಸುಪಾಸು ಇರುತ್ತದೆ. ಫ್ರಿಜ್‌ನಲ್ಲಿಟ್ಟರೆ ಉಲ್ಟಾ, 8.6ರ ಹತ್ತಿರ ಹೋಗುತ್ತದೆ. ಫಾಸ್ಫೇಟ್ ಬಫರ್ ಇಷ್ಟು ಅಲುಗಾಡುವುದಿಲ್ಲ. ಯಾವ ತಾಪಮಾನದಲ್ಲಿ ಪ್ರಯೋಗ ಮಾಡುತ್ತೀರೋ ಅದೇ ತಾಪಮಾನದಲ್ಲಿ ಪಿಎಚ್ ಹೊಂದಿಸಿ. ರೆಕಾರ್ಡ್‌ನಲ್ಲಿ ರೂಮ್ ಟೆಂಪರೇಚರ್ ಅಂತ ಬರೆಯಬೇಡಿ, ಅಂಕಿ ಬರೆಯಿರಿ.

ಶಹಾಬಾದ್ ಕಲ್ಲು:
ಅಕ್ಕ, ಇದು ಯಾವ ಮ್ಯಾನುಯಲ್‌ನಲ್ಲೂ ನಾನು ನೋಡಲಿಲ್ಲ. ಬೇಸಿಗೆಯ ನಮ್ಮ ರೀಡಿಂಗ್ ಯಾಕೆ ಹಾರುತ್ತಿತ್ತು ಅಂತ ಈಗ ಗೊತ್ತಾಯಿತು. ಇದಕ್ಕೆ ಸೇರಿಸುತ್ತೇನೆ. 280 ನ್ಯಾನೋಮೀಟರ್‌ನಲ್ಲಿ ಪ್ರೋಟೀನ್ ಅಳೆಯುವಾಗ ಗಾಜಿನ ಕ್ಯುವೆಟ್ ಹಾಕಿದರೆ ಗಾಜೇ ಬೆಳಕನ್ನು ನುಂಗುತ್ತದೆ. ಕ್ವಾರ್ಟ್ಸ್ ಬೇಕು. ಕ್ವಾರ್ಟ್ಸ್ ಇಲ್ಲದಿದ್ದರೆ ಬಣ್ಣ ಬರಿಸಿ ಪ್ರೋಟೀನ್ ಅಳೆಯುವ ಬ್ರಾಡ್‌ಫೋರ್ಡ್ ವಿಧಾನ ಮಾಡಿ, 595ರಲ್ಲಿ ಗಾಜು ಸಾಕು.

ಮಾಂಜ್ರಾ ನೀರು:
ಪ್ರೋಟೀನ್ ಬೇರ್ಪಡಿಸುವ ಜೆಲ್ ಓಡುವಾಗ ಕರೆಂಟ್ ಹೋಗುವುದರ ಬಗ್ಗೆಯೂ ಯಾರಾದರೂ ಬರೆಯಿರಿ. ಬ್ಯಾಂಡ್ ಎಲ್ಲ ಹರಡಿ ಮಸುಕಾಗುತ್ತದೆ. ಇನ್ವರ್ಟರ್ ಲೈನ್ ಆಫೀಸಿಗೆ ಮಾತ್ರ.

ಸುರಪುರ ಓದುಗ:
ರಾಮಚಂದ್ರನ್ ಪ್ಲಾಟ್ ಬಗ್ಗೆ ಯಾರೂ ಎತ್ತಲಿಲ್ಲ. ನನಗೆ ಈ ಪೇಪರ್‌ನಲ್ಲಿ ಹೆಮ್ಮೆ ಅನಿಸಿದ್ದು ಅಲ್ಲಿ. 1963ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಜಿ.ಎನ್. ರಾಮಚಂದ್ರನ್, ರಾಮಕೃಷ್ಣನ್, ಶಶಿಶೇಖರನ್ ಪ್ರಕಟಿಸಿದ ಕೆಲಸ ಅದು. ಪರಮಾಣುಗಳನ್ನು ಗಟ್ಟಿ ಗೋಲ ಅಂತ ಇಟ್ಟುಕೊಂಡು, ಪ್ರೋಟೀನ್ ಸರಪಳಿಯ ಬಂಧಗಳ ಫೈ ಮತ್ತು ಸೈ ಕೋನ ತಿರುಗಿಸಿದಾಗ ಯಾವಾಗ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ ಅಂತ ಲೆಕ್ಕ ಹಾಕಿದರು. ಚಾರ್ಟ್‌ನ ಬಹುಪಾಲು ಜಾಗ ನಿಷಿದ್ಧ. ಉಳಿದ ಸಣ್ಣ ಜಾಗದಲ್ಲೇ ಹೆಲಿಕ್ಸ್ ಮತ್ತು ಶೀಟ್ ಬಂದು ಕೂರುತ್ತವೆ. ಇವತ್ತಿಗೂ ಯಾರೇ ಹೊಸ ಪ್ರೋಟೀನ್ ರಚನೆ ಬಿಡಿಸಿದರೂ ಅದು ಸರಿಯಿದೆಯಾ ಅಂತ ಈ ಪ್ಲಾಟ್ ಹಾಕಿಯೇ ನೋಡುತ್ತಾರೆ. ರಾಮಚಂದ್ರನ್ ಆಮೇಲೆ ಬೆಂಗಳೂರಿನ ಐಐಎಸ್‌ಸಿಗೆ ಬಂದರು.

ನಮಗೆ ಇದನ್ನು ಒಂದು ಚಿತ್ರ ಬಿಡಿಸಿ ಎರಡು ಅಂಕ ಅಂತ ಕಲಿಸಿದರು. ಗ್ಲೈಸಿನ್‌ಗೆ ಯಾಕೆ ಜಾಸ್ತಿ ಜಾಗ, ಪ್ರೋಲಿನ್‌ಗೆ ಯಾಕೆ ಕಡಿಮೆ ಅಂತ ಕೇಳಿದರೆ ತರಗತಿ ಪೂರ್ತಿ ಸುಮ್ಮನಾಯಿತು. ಗ್ಲೈಸಿನ್‌ಗೆ ಪಕ್ಕದಲ್ಲಿ ಬರೀ ಹೈಡ್ರೋಜನ್, ತಡೆಯುವವರಿಲ್ಲ. ಪ್ರೋಲಿನ್‌ನ ಪಕ್ಕದ ಸರಪಳಿ ತಿರುಗಿ ಬಂದು ತನ್ನದೇ ನೈಟ್ರೋಜನ್‌ಗೆ ಕಟ್ಟಿಕೊಂಡಿದೆ, ಫೈ ಕೋನ ತಿರುಗಲು ಬಿಡುವುದಿಲ್ಲ.

ನಂದಿನಗರ ಕ್ಯಾಂಪಸ್:
ಇದನ್ನು ಮೊಬೈಲ್‌ನಲ್ಲೇ ನೋಡಬಹುದು. ಪ್ರೋಟೀನ್ ರಚನೆಗಳ ಸಂಗ್ರಹ ಪ್ರೋಟೀನ್ ಡೇಟಾ ಬ್ಯಾಂಕ್ 1971ರಿಂದ ಇದೆ, ಪೂರ್ತಿ ಉಚಿತ. ಹಿಮೋಗ್ಲೋಬಿನ್ ತೆರೆದು ಬೆರಳಿನಿಂದ ತಿರುಗಿಸಿ ನೋಡಿ. ನಾಲ್ಕು ಸರಪಳಿ, ನಾಲ್ಕು ಹೀಮ್. ಕ್ವಾಟರ್ನರಿ ರಚನೆ ಅಂತ ಬರೆದುಕೊಂಡಿದ್ದು ಕಣ್ಣಿಗೆ ಕಾಣುತ್ತದೆ. ಎನ್‌ಪಿಟೆಲ್‌ನಲ್ಲಿ ಐಐಟಿಗಳ ಪಾಠಗಳೂ ಉಚಿತ. ಕೋಚಿಂಗ್‌ಗೆ ಸಾಲ ಮಾಡಬೇಡಿ ತಂಗಿ.

ನೆಟ್ ತಯಾರಿ 2:
ಕೋಚಿಂಗ್ ಪೂರ್ತಿ ದಂಡ ಅಂತಲೂ ಹೇಳಬೇಡಿ. ಹೈದರಾಬಾದ್‌ನಲ್ಲಿ ನನ್ನ ಜೊತೆ ಕೂತವರಿಗೆ ಟೆಸ್ಟ್ ಬರೆದು ಬರೆದು ವೇಗ ಬಂತು. ಆದರೆ ಬೇಸಿಕ್ಸ್ ಅಲ್ಲಿ ಕಲಿಸುವುದಿಲ್ಲ. ಬೇಸಿಕ್ಸ್ ಇಲ್ಲದೆ ಹೋದವರು ವಾಪಸ್ ಬಂದರು.

ಬಿದ್ರಿ ಕುಸುರಿ:
ಕೆಲಸದ ದೃಷ್ಟಿಯಿಂದಲೂ ಲೆಕ್ಕ ಬೇಕು. ಬೀದರ್‌ನ ಕೊಳಾರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಔಷಧ ಘಟಕಗಳಿವೆ. ಕ್ಯೂಸಿ (ಗುಣಮಟ್ಟ ಪರೀಕ್ಷೆ) ಸಂದರ್ಶನಕ್ಕೆ ಹೋದಾಗ ನನಗೆ ಕೇಳಿದ್ದು ಡೈಲ್ಯೂಷನ್ ಲೆಕ್ಕ ಮತ್ತು ಸ್ಟ್ಯಾಂಡರ್ಡ್ ಕರ್ವ್. ಹೆಲಿಕ್ಸ್‌ನ ಸುತ್ತು ಎಷ್ಟು ಅಂತ ಯಾರೂ ಕೇಳಲಿಲ್ಲ.

ಕಾಗಿಣಾ ತೀರ:
ಎಲ್ಲರಿಗೂ ಧನ್ಯವಾದ. ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಐಸೋಎಲೆಕ್ಟ್ರಿಕ್ ಪಾಯಿಂಟ್ ಈಗ ಬರುತ್ತದೆ, ರೂಮ್‌ಮೇಟ್‌ಗೂ ಹೇಳಿಕೊಟ್ಟೆ. ಇನ್‌ಹಿಬಿಷನ್ ಗ್ರಾಫ್ ಇನ್ನೂ ಗೊಂದಲ. ಗೆರೆಗಳು ಎಲ್ಲಿ ಕೂಡುತ್ತವೆ ಅಂತ ಬಾಯಿಪಾಠ ಇದೆ, ಅಂಕಿ ಕೊಟ್ಟರೆ ಹಾಕಲು ಬರುವುದಿಲ್ಲ. ಯಾರಾದರೂ ಒಂದು ಲೆಕ್ಕ ಕೊಡುತ್ತೀರಾ?

ಅತಿಥಿ ಉಪನ್ಯಾಸಕ:
ತೆಗೆದುಕೊಳ್ಳಿ. ಸಬ್‌ಸ್ಟ್ರೇಟ್ 1, 2, 4, 8 ಮಿಲಿಮೋಲಾರ್. ಇನ್‌ಹಿಬಿಟರ್ ಇಲ್ಲದಾಗ ವೇಗ 20, 30, 40, 48. ಇನ್‌ಹಿಬಿಟರ್ 5 ಮಿಲಿಮೋಲಾರ್ ಹಾಕಿದಾಗ 12, 20, 30, 40. ಯಾವ ಬಗೆ? ಕೆಎಂ, ವಿಮ್ಯಾಕ್ಸ್, ಕೆಐ (ಇನ್‌ಹಿಬಿಟರ್ ಎಷ್ಟು ಬಿಗಿಯಾಗಿ ಅಂಟುತ್ತದೆ ಅನ್ನೋ ಅಳತೆ) ಎಷ್ಟು? ಗ್ರಾಫ್ ಹಾಳೆ ಮೇಲೆ ಪೆನ್ಸಿಲ್‌ನಿಂದ ಹಾಕಿ. ಮೊಬೈಲ್ ಆ್ಯಪ್ ಬೇಡ.

ಕಾಗಿಣಾ ತೀರ:
ಸರ್, ಹಾಕಿದೆ. ಸಬ್‌ಸ್ಟ್ರೇಟ್, ವೇಗ ಎರಡನ್ನೂ ತಲೆಕೆಳಗು ಮಾಡಿದೆ, ಅಂದರೆ 1 ಅನ್ನು ಆ ಅಂಕಿಯಿಂದ ಭಾಗಿಸಿದೆ. ವೇಗದ್ದು ಹೀಗೆ. ಇನ್‌ಹಿಬಿಟರ್ ಇಲ್ಲದ್ದು 0.05, 0.033, 0.025, 0.021. ಇರುವುದು 0.083, 0.05, 0.033, 0.025. ಎರಡೂ ಗೆರೆ ಲಂಬ ಅಕ್ಷದ ಮೇಲೆ 0.0167ರಲ್ಲಿ ಕೂಡುತ್ತವೆ. ಅಂದರೆ ವಿಮ್ಯಾಕ್ಸ್ ಎರಡಕ್ಕೂ 60. ಅಡ್ಡ ಅಕ್ಷವನ್ನು ಒಂದು ಮೈನಸ್ 0.5ರಲ್ಲಿ, ಇನ್ನೊಂದು ಮೈನಸ್ 0.25ರಲ್ಲಿ ಮುಟ್ಟುತ್ತದೆ. ಕೆಎಂ 2 ಇದ್ದದ್ದು 4 ಆಗಿದೆ. ಕಾಂಪಿಟಿಟಿವ್. ಎರಡು ಪಟ್ಟು ಆಗಿದ್ದರಿಂದ ಒಂದು ಕೂಡಿಸು ಐದು ಭಾಗಿಸು ಕೆಐ ಸಮ ಎರಡು. ಕೆಐ 5 ಮಿಲಿಮೋಲಾರ್.

ಸೇಡಂ ಪ್ಯಾಸೆಂಜರ್:
ನಾನೂ ಹಾಕಿದೆ. ಅದೇ ಬಂತು.

ಆಳಂದ ರಸ್ತೆ:
ಇಬ್ಬರದ್ದೂ ಸರಿ. ಒಂದು ಎಚ್ಚರಿಕೆ. ಹೀಗೆ ತಲೆಕೆಳಗು ಮಾಡಿ ಹಾಕುವ ಈ ಲೈನ್‌ವೀವರ್-ಬರ್ಕ್ ಗ್ರಾಫ್ 1934ರದ್ದು, ಕಂಪ್ಯೂಟರ್ ಇಲ್ಲದ ಕಾಲದ್ದು. ಕಡಿಮೆ ಸಬ್‌ಸ್ಟ್ರೇಟ್‌ನ ಸಣ್ಣ ತಪ್ಪನ್ನೂ ಅದು ದೊಡ್ಡದು ಮಾಡುತ್ತದೆ. ನಿಮ್ಮ 20 ಅನ್ನು 18 ಅಂತ ಅಳೆದರೆ ಆ ಬಿಂದು 0.0056ರಷ್ಟು ಸರಿಯುತ್ತದೆ. 48 ಅನ್ನು 46 ಅಂತ ಅಳೆದರೆ 0.0009 ಮಾತ್ರ. ಗೆರೆಯ ತುದಿಯಲ್ಲಿರುವ ಕೆಟ್ಟ ಬಿಂದುವೇ ಇಡೀ ಗೆರೆಯನ್ನು ಎಳೆದುಬಿಡುತ್ತದೆ. ಬಗೆ ಗುರುತಿಸಲು ಈ ಗ್ರಾಫ್ ಒಳ್ಳೆಯದು. ಕೆಎಂನ ಅಂಕಿಗೆ ಕರ್ವ್ ಅನ್ನೇ ನೇರವಾಗಿ ಫಿಟ್ ಮಾಡಬೇಕು.

ಅತಿಥಿ ಉಪನ್ಯಾಸಕ:
ಒಪ್ಪಿದೆ. ನಾಳೆ ಕ್ಲಾಸಿನಲ್ಲಿ ಇದೇ ಲೆಕ್ಕ ಮಾಡಿಸುತ್ತೇನೆ. ಈಗ ಎರಡನೇದು. ಅದೇ ಎಂಜೈಮ್, ಬೇರೆ ಇನ್‌ಹಿಬಿಟರ್. ವೇಗ 15, 20, 24, 26.7. ಯಾರು ಮೊದಲು?

ಹುಮನಾಬಾದ್ ಹುಡುಗಿ:
ಗೆರೆ ಮೊದಲಿನದಕ್ಕೆ ಸಮಾನಾಂತರ ಬಂತು ಸರ್. ಇಳಿಜಾರು ಎರಡಕ್ಕೂ 0.033. ವಿಮ್ಯಾಕ್ಸ್ 30, ಕೆಎಂ 1, ಎರಡೂ ಅರ್ಧ ಆಗಿವೆ. ಅನ್‌ಕಾಂಪಿಟಿಟಿವ್ (ಸಬ್‌ಸ್ಟ್ರೇಟ್ ಅಂಟಿದ ಮೇಲೆ ಮಾತ್ರ ಅಂಟುವ ಬಗೆ). ಇನ್‌ಹಿಬಿಟರ್ ಎಷ್ಟು ಹಾಕಿದ್ದು ಅಂತ ನೀವು ಕೊಟ್ಟಿಲ್ಲ, ಕೊಟ್ಟರೆ ಕೆಐ ಹೇಳುತ್ತೇನೆ.